ಮಾರಿ ತಿರುವಿ ಹುಗಿದದ್ದು

ಕರಿಸಿದ್ದಪ್ಪನಿಗೆ ಸಂಬಳ ಬರುತ್ತಿದ್ದದ್ದೇ ನೋಡುವುದಕ್ಕೆ. ನವಲಗುಂದದಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ, ರೈತರು ಚಕ್ಕಡಿ ಕಟ್ಟಿಕೊಂಡು ತಂದ ಹತ್ತಿಯ ಚೀಲಕ್ಕೆ ಹೆಗಲವರೆಗೂ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಎಳೆದು, ಬಿಸಿಲಿಗೆ ಹಿಡಿದು, ಇದು ಒಂದನೇ ನಂಬರು, ಇದು ಎರಡನೇ ನಂಬರು ಎಂದು ಕೂಗುವುದು ಅವನ ಕೆಲಸ. ಚೀಲದ ಬಾಯಿಗೆ ಮಲ್ಲಿಗೆಯಂಥ ಹತ್ತಿ ಇಟ್ಟು ಒಳಗೆ ಎಲೆಚೂರು, ಹಸಿ ಹತ್ತಿ ತುರುಕಿ ತರುವ ಹಿರಿಯರನ್ನು ಅವನು ಇಪ್ಪತ್ತಾರರ ವಯಸ್ಸಿಗೇ ಅರೆದು ಕುಡಿದಿದ್ದ. "ಕಾಕಾ, ಬಾಯಿ ಮಾತು ಬ್ಯಾಡ, ಚೀಲದ ಹೊಟ್ಟಿ ತೋರ್ಸು" ಎಂದು ಅವನು ಅನ್ನುವುದನ್ನು ಹಮಾಲರು ಅಣಕಿಸಿ ನಗುತ್ತಿದ್ದರು. ಅದನ್ನೂ ಅವನು ಹೊಗಳಿಕೆಯೆಂದೇ ಜಮಾ ಮಾಡಿಕೊಳ್ಳುತ್ತಿದ್ದ.

ಊರಿಗೆ ಬಂದರೆ ಪದವಿ ಇನ್ನೊಂದು ಮೆಟ್ಟಿಲು ಏರುತ್ತಿತ್ತು. ಮೊರಬದಿಂದ ಒಳಗೆ, ಎರೆಹೊಲಗಳ ನಡುವೆ ಇದ್ದ ಆ ಸಣ್ಣ ಊರಿನಲ್ಲಿ ಪಿಯುಸಿ ವಿಜ್ಞಾನದ ಪರೀಕ್ಷೆಗೆ ಕೂತವನು ಅವನೊಬ್ಬನೇ. ಎರಡು ಸಲ ಕೂತಿದ್ದ, ಹಾಗಾಗಿ ಇಬ್ಬರಷ್ಟು ತಿಳಿದವನು. ಲಕ್ಷ್ಮಪ್ಪನ ಚಹಾದಂಗಡಿಯ ಬಾಕಿನ ಮೇಲೆ ಕೂತು ದೆವ್ವ, ದೃಷ್ಟಿ, ಅಂಜನ, ತಾಯಿತ ಎಲ್ಲವನ್ನೂ ಹತ್ತಿಯಂತೆ ಎಕ್ಕಿ ಬಿಸಾಡುತ್ತಿದ್ದ. ಎಂಬತ್ತನೇ ಇಸವಿಯ ಸೂರ್ಯಗ್ರಹಣದ ಹೊತ್ತಿನಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಾಗ ಊರಬಾಗಿಲ ಅಗಸಿಯ ಮುಂದೆ ನಿಂತು ಚುರುಮುರಿ ತಿಂದು ತೋರಿಸಿದ್ದ. ಆ ಸಂಜೆಯೇ ಹೊಟ್ಟೆ ಕೆಟ್ಟದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಇಂಥ ವಿಜ್ಞಾನಿಯ ಮನೆಯಲ್ಲಿ, ಅದಾಗಿ ಆರು ವರ್ಷಕ್ಕೆ, ಹತ್ತಿಯ ಸುಗ್ಗಿಯಲ್ಲಿ, ಹೆಂಡತಿ ಮಲ್ಲಕ್ಕನಿಗೆ ಎರಡನೇ ಸಲ ಹೆರಿಗೆಯ ಬ್ಯಾನಿ ಎದ್ದವು.

ಮಲ್ಲಕ್ಕ ಅವನ ಸೋದರತ್ತೆಯ ಮಗಳು. ಸೂಟಿಗೆ ಕೂಡಿದಾಗಲೆಲ್ಲ ಒಂದೇ ಅಂಗಳದಲ್ಲಿ ಗುದ್ದಾಡಿ ಬೆಳೆದವರು. ಮಂದಿಯ ಮುಂದೆ ಅವನಿಗೆ 'ರಿ' ಹಚ್ಚಿ ಮಾತನಾಡುವಳು. ಬಾಗಿಲು ಹಾಕಿದ ಮೇಲೆ 'ನೀ'. ಮೊದಲ ಬಾಣಂತನ ತವರಿನಲ್ಲಾಗಿತ್ತು, ಆ ಕೂಸು ಅಲ್ಲೇ ಅಜ್ಜಿಯ ಹತ್ತಿರ ಬೆಳೆಯುತ್ತಿತ್ತು. ಎರಡನೆಯದನ್ನು ಅತ್ತೆ ಬಸಕ್ಕ, ಕರಿಸಿದ್ದಪ್ಪನ ಅವ್ವ, "ಇದು ನನ್ನ ಕೈಯಾಗ ಆಗಲಿ" ಎಂದು ತನ್ನಲ್ಲೇ ಇಟ್ಟುಕೊಂಡಿದ್ದಳು. ಮುಂಜಾನೆ ಬ್ಯಾನಿ ಶುರುವಾದಾಗ ಬಸಕ್ಕ ಸೂಲಗಿತ್ತಿ ಮೈಲಾರವ್ವನನ್ನು ಕರೆಸಿದಳು. ಕರಿಸಿದ್ದಪ್ಪ ಇಪ್ಪತ್ತನೇ ಶತಮಾನದವನಾದ್ದರಿಂದ ಸೈಕಲ್ ಹತ್ತಿ ಮೊರಬಕ್ಕೆ ನರ್ಸಬಾಯಿಯನ್ನು ಕರೆಯಲು ಹೋದ.

ನರ್ಸ್ ಮರಿಯಮಬಿ ಯಮನೂರಿನವಳು, ನಲವತ್ತು ದಾಟಿದವಳು. ಸುತ್ತಲಿನ ಹಳ್ಳಿಗಳಿಗೆಲ್ಲ ಅವಳೊಬ್ಬಳೇ. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಸೂಜಿ, ಔಷಧಿ, ಸಲೈನಿನ ಬಾಟಲಿ ಇಟ್ಟುಕೊಂಡು ಬಸ್ಸು, ಟ್ರ್ಯಾಕ್ಟರು, ಚಕ್ಕಡಿ ಯಾವುದು ಸಿಕ್ಕರೆ ಅದನ್ನು ಹತ್ತಿ ಬರುವಳು. ಅವಳು ಬಂದರೆ ಹೆಂಗಸರು ಚಾಪೆ ಹಾಸಿ ಕೂಡಿಸುತ್ತಿದ್ದರು, ಅಂಗಳದಲ್ಲಿ. ಒಳಗೆ ಕರೆಯಬೇಕಾದರೆ ಹೆರಿಗೆಯೇ ಆಗಬೇಕು. ಅದನ್ನು ಅವಳೂ ತಿಳಿದಿದ್ದಳು, ಚಾಪೆ ಹಾಸುವವರೂ ತಿಳಿದಿದ್ದರು.

"ನೀ ಮುಂದ ಹೋಗು ತಮ್ಮಾ" ಎಂದಳು ಮರಿಯಮಬಿ. "ನಾ ಟ್ರ್ಯಾಕ್ಟರ್ ಸಿಕ್ಕರ ಟ್ರ್ಯಾಕ್ಟರ್‌ನ್ಯಾಗ, ಇಲ್ಲಂದ್ರ ಬಸ್ಸಿಗೆ ಬರ್ತೀನಿ. ಮೈಲಾರವ್ವಗ ಹೇಳು, ಹೊಕ್ಕುಳ ಹುರಿ ಜಗ್ಗಬ್ಯಾಡ ಅಂತ."

ಅವನು ತಿರುಗಿ ಮನೆ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿಯಾಗಿತ್ತು. ಗಂಡು. ಮಾಸೂ ಬಿದ್ದಾಗಿತ್ತು, ಈ ಕಡೆ ಅದಕ್ಕೆ ಕಸ ಎನ್ನುತ್ತಾರೆ. ನರ್ಸಬಾಯಿಯ ಮಾತನ್ನು ಅವನು ಮುಟ್ಟಿಸಿದಾಗ ಮೈಲಾರವ್ವ ಕೈ ತೊಳೆಯುತ್ತ, "ಆ ಮಾತ ನೀ ಕೂಸಿನಕಿಂತ ಮದ್ಲ ತರಬೇಕಿತ್ತ. ಸ್ವಲ್ಪ ಜಗ್ಗೀನಿ, ಬಂತು. ಏನಾತೀಗ?" ಎಂದಳು.

ಬಸಕ್ಕ ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಣ್ಣಿನ ಗಡಿಗೆಯನ್ನು ತಂದು ಮಗನ ಕೈಗೆ ಕೊಟ್ಟಳು. ಅವರ ಮನೆತನದಲ್ಲಿ ಕಸ ಹುಗಿಯುವುದು ಕೂಸಿನ ಅಪ್ಪನ ಪಾಲು. ಅದಕ್ಕೊಂದು ಕಟ್ಟಳೆಯೂ ಇತ್ತು: ಹುಗಿಯುವವನು ಮುಖ ತಿರುಗಿಸಬೇಕು, ಅದನ್ನು ನೋಡಬಾರದು. ಹಡೆದಪ್ಪನ ಕಣ್ಣು ಬಿದ್ದರೆ ಕೂಸಿಗೆ ಬಡಿಯುತ್ತದೆ. ಹುಗಿದ ಮೇಲೆ ಮತ್ತೆ ಅಗೆಯಬಾರದು. ಅಗೆದರೆ ತಾಯಿಯ ಹಾಲು ಬತ್ತುತ್ತದೆ.

"ಮಾರಿ ಆ ಕಡೆ ತಿರುವ್ಲೇ ಸಿದ್ದಾ" ಎಂದಳು ಬಸಕ್ಕ.

ಚಹಾದಂಗಡಿಯಲ್ಲಿ ದೃಷ್ಟಿಯನ್ನು ಬೇರು ಸಮೇತ ಕಿತ್ತವನು ಮಾರಿ ತಿರುವಿದ. ಅವ್ವನ ಮನಸ್ಸಿಗೆ ಯಾಕೆ ನೋವು ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡ. ಖರೇ ಹೇಳಬೇಕೆಂದರೆ ಗಡಿಗೆಯಿಂದ ಬರುತ್ತಿದ್ದ ಹಸಿ ವಾಸನೆಗೆ ಅವನು ಆಗಲೇ ಅದನ್ನು ಮೈಯಿಂದ ದೂರ ಹಿಡಿದಿದ್ದ; ನೋಡಬ್ಯಾಡ ಎಂದವರಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದ. ಬಿಸಿಲಿಗೆ ಬಿರಿದ ಎರೆ ಕಲ್ಲಿನಂತಾಗಿತ್ತು. ಹಿತ್ತಲಿನ ಬಣವೆಯ ಬಾಜು ಹಾರೆಯಿಂದ ಮೀಟಿ, ತಗ್ಗು ಮಾಡಿ, ಬೇಲಿಯ ಕಡೆ ನೋಡುತ್ತ ಗಡಿಗೆ ಬೋರಲು ಹಾಕಿ ಮಣ್ಣು ಎಳೆದ. ನಾಯಿ ಕೆದರದಂತೆ ಮೇಲೆ ಜಾಲಿಮುಳ್ಳು, ಮುಳ್ಳಿನ ಮೇಲೆ ಒಂದು ಕಲ್ಲು.

ಮರಿಯಮಬಿ ಟ್ರ್ಯಾಕ್ಟರ್ ಇಳಿದು ಬಂದವಳು ಕೈ ತೊಳೆದು ಒಳಗೆ ಹೋದಳು. ಹೋದ ಸ್ವಲ್ಪ ಹೊತ್ತಿಗೇ ಅವಳ ದನಿ ಬೇರೆಯಾಯಿತು.

"ಬಸಕ್ಕಾ, ರಕ್ತದಾಗ ತೊಯ್ದ ಈ ಅರಬಿ ಯಾವಾಗ ಹಾಕಿದ್ದು?"

"ಈಗರೀ. ಹಡದಾಕಿಗೆ ರಗತ ಹೋಗಾಕಬೇಕಲ್ರಿ. ಹೊಲಸು ಹೋಗಲಿ."

"ಇದು ಹೊಲಸಲ್ಲ, ಜೀವ. ಇಲ್ಲಿ ಕೈ ಇಟ್ಟ ನೋಡು. ಗರ್ಭಚೀಲ ಕಣಕದಂಗ ಮೆತ್ತಗ ಐತಿ. ಇದು ಕಲ್ಲಾಗಬೇಕು. ಮಲ್ಲಕ್ಕಾ, ಮದ್ಲ ಉಚ್ಚಿ ಹೊಯ್ಯವ್ವ, ಇಲ್ಲೇ ಹೊಯ್ಯಿ, ನಾಚಬ್ಯಾಡ. ಚೀಲ ಬಿಗಿಯಾಕ ಜಾಗಾ ಬೇಕ ಅದಕ್ಕ. ಮೈಲಾರವ್ವಾ, ಕೂಸಿನ್ನ ಮಲಿಗೆ ಹಚ್ಚು."

ಕರಿಸಿದ್ದಪ್ಪ ಬಾಗಿಲ ಹೊರಗೆ ಗೋಡೆಗೆ ಬೆನ್ನು ಕೊಟ್ಟು ನಿಂತು ಎಲ್ಲ ಕೇಳುತ್ತಿದ್ದ. ಹೆಂಡತಿಯ ನರಳಿಕೆ, ಸೂಜಿಮದ್ದಿನ ಗಾಜು ಒಡೆದ ಸಪ್ಪಳ, ಹೊಟ್ಟೆ ತಿಕ್ಕುತ್ತಿದ್ದ ಮರಿಯಮಬಿಯ ಬಳೆಗಳ ಸಪ್ಪಳ. ಕೊನೆಗೆ ಅವಳು "ಹಾಂ, ಬಿಗೀತು. ಬಿಗೀತು ನೋಡು" ಎಂದಾಗ ಅವನೂ ಉಸಿರು ಬಿಟ್ಟ.

ಆಮೇಲೆ ಅವಳು ಬಾಗಿಲಿಗೆ ಬಂದು ಕೇಳಿದಳು. "ಕಸ ಎಲ್ಲೈತ್ರಿ? ನಾ ನೋಡಬೇಕು."

"ಅದನ್ನ ಹುಗದಾತಲ್ರಿ ಬಾಯಾರ" ಎಂದಳು ಬಸಕ್ಕ.

"ತಗೀಸ್ರಿ."

ಬಸಕ್ಕ ಸೆರಗು ಸರಿ ಮಾಡಿಕೊಂಡಳು. "ಅದೆಂಗ ತಗೀತಾರ್ರಿ? ಹುಗದದ್ದ ತಗದ್ರ ಹಾಲ ಬತ್ತತಾವು. ನಮ್ಮ ಮನ್ಯಾಗ ಅದು ನಡಿಯಂಗಿಲ್ಲ. ನಿಮ್ಮ ಮಂದ್ಯಾಗ ಹೆಂಗೋ ನನಗ ಗೊತ್ತಿಲ್ಲ ತಾಯಿ."

'ನಿಮ್ಮ ಮಂದ್ಯಾಗ' ಎಂಬ ಮಾತು ಬಿದ್ದಲ್ಲೇ ಬಿದ್ದಿತ್ತು. ಮರಿಯಮಬಿ ಅದನ್ನು ಎತ್ತಿಕೊಳ್ಳಲಿಲ್ಲ. ಕರಿಸಿದ್ದಪ್ಪನ ಕಡೆ ತಿರುಗಿದಳು. "ನೀವು ಕಲತವ್ರು. ಹುಗಿಯೂ ಮುಂದ ನೀವರ ನೋಡಿದ್ರೇನು? ಅದು ದಪ್ಪ ರೊಟ್ಟಿ ಇದ್ದಂಗ ಇರತೈತಿ. ಒಂದು ಮಗ್ಗಲ ನುಣ್ಣಗ, ಇನ್ನೊಂದು ಮಗ್ಗಲ ತುಣುಕು ತುಣುಕು ಜೋಡಿಸಿದಂಗ. ಒಂದು ತುಣುಕು ಹರದು ಒಳಗ ಉಳದ್ರೂ ಚೀಲ ಮುಚ್ಚಂಗಿಲ್ಲ. ಇವತ್ತ ನಿಂತ ರಕ್ತ ನಾಳೆ ಹೊಳ್ಳಿ ಬರತೈತಿ. ಹೇಳ್ರಿ, ಪೂರಾ ಇತ್ತೇನು?"

ಎರಡು ದಾರಿ ಇದ್ದವು. ನೋಡಿಲ್ಲ ಎಂದರೆ ಹಾರೆ ಹಿಡಿಯಬೇಕು. ಅವ್ವ ಹಿತ್ತಲಲ್ಲಿ ಅಡ್ಡ ಬಿದ್ದು ಅಳುತ್ತಾಳೆ, ಓಣಿ ನೆರೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಷ್ಟು ಕಲಿತ ಕರಿಸಿದ್ದಪ್ಪನೂ ಅವ್ವ ಅಂದಂತೆ ಮಾರಿ ತಿರುವಿದನಂತೆ ಎಂಬ ಮಾತು ಸಂಜೆಯೊಳಗೆ ಲಕ್ಷ್ಮಪ್ಪನ ಅಂಗಡಿ ಮುಟ್ಟುತ್ತದೆ.

"ನೋಡೀನ್ರಿ" ಎಂದ.

"ಎರಡೂ ಮಗ್ಗಲ?"

"ತಿರುವಿ ಹಾಕಿ ನೋಡೀನ್ರಿ ಬಾಯಾರ. ಒಂದು ಮಗ್ಗಲ ನುಣ್ಣಗ ಇತ್ತು. ಇನ್ನೊಂದು ಮಗ್ಗಲ ತುಣುಕು ತುಣುಕು. ಎಲ್ಲಾ ಇದ್ವು."

ಅವಳೇ ಕೊಟ್ಟ ಹತ್ತಿಯನ್ನು ಚೀಲದ ಬಾಯಿಗಿಟ್ಟು ಅವಳಿಗೇ ಮಾರಿದ್ದ. ಮರಿಯಮಬಿ ಅವನ ಮುಖ ನೋಡುತ್ತ ನಿಂತಳು. ಅವಳ ಕಣ್ಣು ಹಿತ್ತಲಿನ ಬಾಗಿಲಿಗೆ ಹೋಗಿ, ಅಲ್ಲಿ ಅಡ್ಡ ನಿಂತ ಬಸಕ್ಕನ ಮೇಲೆ ಒಂದು ಚಣ ಇದ್ದು, ಅವನಲ್ಲಿಗೆ ತಿರುಗಿ ಬಂತು.

"ಛಲೋ ಆತು ಹಂಗಾದ್ರ" ಎಂದಳು.

ರಕ್ತ ನಿಂತೂ ನಿಲ್ಲದಂತಿತ್ತು. ದಿನಾ ಕೆಂಪಗೆ ಸ್ವಲ್ಪ ಸ್ವಲ್ಪ. ಮಲ್ಲಕ್ಕ ಎದ್ದು ಕೂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಕೆಳಹೊಟ್ಟೆ ಹಿಂಡುತ್ತಿತ್ತು. ಬಸಕ್ಕ ಕೊಬ್ಬರಿ, ಅಂಟು, ಖಾರೀಕು ಕುಟ್ಟಿ ತಿನ್ನಿಸಿದಳು, ಅಗ್ಗಿಷ್ಟಿಕೆಗೆ ಕೆಂಡ ಹಾಕಿದಳು. ಸಂಜೆ ಜಿನ್ನಿನಿಂದ ಬಂದ ಕರಿಸಿದ್ದಪ್ಪ ಅವಳು ಮಲಗಿದ್ದ ಹೊರಸಿನ ಪಕ್ಕ ನಿಂತು "ಹೆಂಗೈತಿ?" ಎಂದು ಕೇಳುವನು. "ಐತಿ" ಎನ್ನುವಳು ಮಲ್ಲಕ್ಕ. ಅವಳ ತುಟಿ ಹತ್ತಿಯ ಬಣ್ಣಕ್ಕೆ ತಿರುಗುತ್ತಿತ್ತು. ಬಣ್ಣ ಗುರುತಿಸಿ ಸಂಬಳ ಪಡೆಯುವವನಿಗೆ ಅದು ಕಾಣಲಿಲ್ಲವೆಂದರೆ ಯಾರು ನಂಬಬೇಕು? ಕಂಡಿತ್ತು. ಅವನು ಕಣ್ಣನ್ನು ಕೂಸಿನ ಕಡೆ ಹೊರಳಿಸುತ್ತಿದ್ದ.

ವಾರದೊಳಗೆ ಮರಿಯಮಬಿ ಮತ್ತೆ ಬಂದಳು. ಹೊಟ್ಟೆ ಒತ್ತಿ ನೋಡಿದಳು, ಅರಬಿಗಳನ್ನು ಬಿಡಿಸಿ ನೋಡಿದಳು, ಮೂಸಿಯೂ ನೋಡಿದಳು. ಹೊರಗೆ ಬಂದು ಅಂಗಳದ ಚಾಪೆಯ ಮೇಲೆ ಕೂರದೆ ನಿಂತೇ ಕೇಳಿದಳು.

"ಚೀಲ ಇನ್ನೂ ದೊಡ್ಡದೈತಿ. ಇಷ್ಟೊತ್ತಿಗೆ ಇಳೀಬೇಕಿತ್ತು. ಅವತ್ತ ನೀವು ನೋಡಿದ್ದು ಖರೇನ ಹೌದಲ್ರಿ?"

ಆಗ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಹಿಂದಿನ ಅಷ್ಟೂ ದಿನಗಳ ಲೆಕ್ಕ ಕೊಡಬೇಕಾಗುತ್ತದೆ. ಮೊದಲ ದಿನದ ಸುಳ್ಳು ಕೂಸಿನಷ್ಟಿತ್ತು. ಈಗ ಅದಕ್ಕೆ ಮೀಸೆ ಬಂದಿತ್ತು.

"ಖರೇ ರಿ" ಎಂದ. "ಎಷ್ಟ ಸಲ ಕೇಳ್ತೀರಿ?"

ಆ ಸಿಟ್ಟು ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ಮರಿಯಮಬಿ ಗುಳಿಗೆ ಕೊಟ್ಟು, ರಕ್ತ ಹೆಚ್ಚಾದರೆ ಕೂಡಲೇ ಹೇಳಿಕಳಿಸಿರೆಂದು ಹೇಳಿ ಹೋದಳು.

ಅಂದಿನಿಂದ ಜಿನ್ನಿನಲ್ಲಿ ಅವನ ಕೈ ಕೆಟ್ಟಿತು. ಮೊರಬದ ಕಡೆಯ ಒಬ್ಬ ಮುದುಕ ಚೀಲ ಇಳಿಸಿ, "ಎಲ್ಲಾ ಒಂದನೇ ನಂಬರ್ ಐತಿ ತಮ್ಮಾ, ದೇವರಾಣಿ" ಎಂದ. ಕರಿಸಿದ್ದಪ್ಪ ಕೈ ತೂರಿಸಿದ. ನಡುವೆ ಎಲೆಚೂರು ಸಿಕ್ಕಿತು. ಮುದುಕ ನೆಲ ನೋಡಿದ. ಬೇರೆ ದಿನವಾಗಿದ್ದರೆ ಹಮಾಲರಿಗೆಲ್ಲ ಕೇಳುವಂತೆ ಒಂದು ಮಾತು ಹಾರಿಸುತ್ತಿದ್ದ. ಆ ದಿನ ಎಲೆಚೂರನ್ನು ಮುಷ್ಟಿಯಲ್ಲೇ ಮುಚ್ಚಿ "ಒಂದನೇ ನಂಬರ್" ಎಂದು ಕೂಗಿದ. ಮುದುಕನಿಗೆ ಖುಷಿಯಾಗುವ ಬದಲು ಹೆದರಿಕೆಯಾದಂತೆ ಕಂಡಿತು.

ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂತು. ಮಲ್ಲಕ್ಕನ ತವರಿನವರು ಕಲಘಟಗಿಯ ಬಣ್ಣದ ತೊಟ್ಟಿಲು ಕಳಿಸಿದ್ದರು. ಒಂದು ಮುಂಜಾನೆ ಕರಿಸಿದ್ದಪ್ಪ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. ಬಚ್ಚಲಲ್ಲಿ ಮೈಲಾರವ್ವ ಬಾಣಂತಿಗೆ ಕುದಿಯುವಂಥ ನೀರು ಹೊಯ್ಯುತ್ತಿದ್ದಳು. ಬಚ್ಚಲ ನೀರು ಅಂಗಳದ ಮೋರಿಯಲ್ಲಿ ಹರಿದು ಅವನ ಕಾಲ ಹತ್ತಿರವೇ ಹೋಗುತ್ತಿತ್ತು. ಮೊದಲು ನೀರು ಅರಿಸಿನ ಬಣ್ಣಕ್ಕಿತ್ತು. ನೋಡುತ್ತ ನೋಡುತ್ತ ಕೆಂಪಾಯಿತು. ಆಮೇಲೆ ಅದು ನೀರೇ ಆಗಿರಲಿಲ್ಲ.

ಒಳಗೆ ಏನೋ ಬಿದ್ದ ಸಪ್ಪಳ. "ಸಿದ್ದಾ, ಓಡು" ಎಂದಳು ಬಸಕ್ಕ.

ಮರಿಯಮಬಿ ಅಂದು ಅದೃಷ್ಟಕ್ಕೆ ಊರ ಶಾಲೆಯಲ್ಲಿ ಹುಡುಗರಿಗೆ ಚುಚ್ಚುಮದ್ದು ಹಾಕುತ್ತಿದ್ದಳು. ಬುಟ್ಟಿ ಎತ್ತಿಕೊಂಡು ಅವನಿಗಿಂತ ಮುಂದೆ ಓಡಿದಳು. ಮಲ್ಲಕ್ಕನನ್ನು ಬಚ್ಚಲಿಂದ ಎತ್ತಿ ತಂದು ಹಾಸಿಗೆಯ ಮೇಲೆ ಮಲಗಿಸಿದ್ದರು. ಮರಿಯಮಬಿ ಅವಳ ಕಾಲ ಕೆಳಗೆ ಕೌದಿ ಮಡಚಿ ಇಟ್ಟು ಎತ್ತರ ಮಾಡಿದಳು, ಒಂದು ಕೈಯಿಂದ ಹೊಟ್ಟೆ ತಿಕ್ಕುತ್ತ ಇನ್ನೊಂದು ಕೈಯಿಂದ ನಾಡಿ ಹಿಡಿದಳು. ಸೂಜಿ ಹಾಕಿದಳು, ಸಲೈನ್ ಹಚ್ಚಿದಳು. ಹಾಗೆ ಮಾಡುತ್ತಲೇ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು.

"ಕಸ ಪೂರಾ ಬಂದಿತ್ತು ಅಂತೀರಿ. ಹಂಗಾದ್ರ ಇದು ನಂಜಿಂದ ಇರಬೇಕು. ನಂಜಾದ್ರ ನವಲಗುಂದದ ದವಾಖಾನಿ ಸಾಕು, ಔಷಧಿ ಹಚ್ಚತಾರ. ನವಲಗುಂದದ ಕಡೆ ಗಾಡಿ ಹೊಂದಸ್ರಿ."

ಮೊರಬದ ರಸ್ತೆಗೆ ಮುಟ್ಟಿದರೆ ನವಲಗುಂದ ಒಂದು ಕಡೆ, ಹುಬ್ಬಳ್ಳಿ ಇನ್ನೊಂದು ಕಡೆ. ಕರಿಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ಮಲ್ಲಕ್ಕನ ಮುಖದಲ್ಲಿ ಬಣ್ಣ ಎಂಬುದೇ ಇರಲಿಲ್ಲ, ಕಣ್ಣು ಅರ್ಧ ಮುಚ್ಚಿದ್ದವು.

"ಒಳಗ ತುಣುಕ ಉಳದಿದ್ರ?" ಎಂದು ಕೇಳಿದ.

"ಉಳದಿದ್ರ ಹುಬ್ಬಳ್ಳಿಗೇ ಹೋಗಬೇಕು. ಅದನ್ನ ತಗಿಯೋತನಕ ರಕ್ತ ನಿಲ್ಲಂಗಿಲ್ಲ, ನವಲಗುಂದದಾಗ ಅದನ್ನ ತಗಿಯೋರಿಲ್ಲ. ಆದ್ರ ಉಳದಿಲ್ಲಲ್ಲ. ನೀವು ನೋಡೀರಲ್ಲ."

"ನಾ ನೋಡಿಲ್ರಿ."

ದನಿ ಎಷ್ಟು ಸಣ್ಣದಿತ್ತೆಂದರೆ ಅವಳು "ಏನು?" ಎಂದಳು.

"ನೋಡಿಲ್ರಿ ಬಾಯಾರ. ಮಾರಿ ತಿರುವಿ ಹುಗದೀನಿ. ಅವತ್ತೂ ಸುಳ್ಳ ಹೇಳೀನಿ, ಮೊನ್ನೇನೂ ಸುಳ್ಳ ಹೇಳೀನಿ."

ಬಯ್ಯುತ್ತಾಳೆಂದು ಅವನು ಕಾಯ್ದ. ಬಯ್ದಿದ್ದರೆ ಎಷ್ಟೋ ಸುಖವಿತ್ತು. ಮರಿಯಮಬಿ ಅವನ ಕಡೆ ನೋಡಲೂ ಇಲ್ಲ. "ಹತ್ತಿ ಲಾರಿ ನಿಂತಿತ್ತಲ್ಲ ಅಗಸ್ಯಾಗ, ಹೋಗೇತೋ ಐತೋ ನೋಡು. ಹುಬ್ಬಳ್ಳಿಗೆ ಹೋಗೂಣು. ಬಸಕ್ಕಾ, ಕೂಸಿನ್ನ ಎತ್ಕೋ" ಎಂದಳಷ್ಟೇ.

ಲಾರಿ ಇತ್ತು. ಹತ್ತಿ ಚೀಲಗಳ ಮೇಲೆಯೇ ಕೌದಿ ಹಾಸಿ ಮಲ್ಲಕ್ಕನನ್ನು ಮಲಗಿಸಿದರು. ಮರಿಯಮಬಿ ಚೀಲಗಳ ನಡುವೆ ಮೊಣಕಾಲೂರಿ, ಹೊಕ್ಕುಳ ಮೇಲ್ಭಾಗಕ್ಕೆ ಮುಷ್ಟಿ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿ ಹಿಡಿದಳು. ಕೆಳಗೆ ಹೋಗುವ ರಕ್ತವನ್ನು ಬೆನ್ನೆಲುಬಿಗೆ ಒತ್ತಿ ಹಿಡಿಯುವುದು ಅದು, ಎಂದು ಅವಳು ಬಸಕ್ಕನಿಗೆ ಹೇಳುತ್ತಿದ್ದುದು ಕೇಳಿಸಿತು. ಕೈ ಸೋತಾಗ ಕೈ ಬದಲಿಸುವಳು. ಕರಿಸಿದ್ದಪ್ಪನ ಕೆಲಸ ಸಲೈನ್ ಬಾಟಲಿಯನ್ನು ಎತ್ತಿ ಹಿಡಿಯುವುದು. ತಗ್ಗುದಿನ್ನೆಯ ರಸ್ತೆ. ಸ್ವಲ್ಪದರಲ್ಲೇ ಅವನ ತೋಳು ಜುಮ್ಮೆನ್ನತೊಡಗಿತು. ಇಳಿಸಲಿಲ್ಲ. ಇದೇನು ದೊಡ್ಡ ತ್ಯಾಗವೆಂದು ಅವನಿಗೂ ಅನ್ನಿಸಲಿಲ್ಲ. ಕೆಳಗೆ ಒತ್ತಿ ಒತ್ತಿ ಬಿಳಿಚಿಕೊಂಡ ಮರಿಯಮಬಿಯ ಮುಷ್ಟಿ ಕಾಣುತ್ತಿತ್ತು.

ಬಸಕ್ಕ ದಾರಿಯುದ್ದಕ್ಕೂ ಮಗನ ಮಾರಿ ನೋಡಲಿಲ್ಲ. ಒಂದೇ ಸಲ ಬಾಯಿ ಬಿಟ್ಟಳು. "ನಾ ನೋಡಬ್ಯಾಡ ಅಂದೆ ಖರೆ. ನೋಡೀನಿ ಅಂತ ಹೇಳು ಅಂತ ಅಂದಿದ್ನೇನಲೇ?"

ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮಲ್ಲಕ್ಕನನ್ನು ನೇರ ಒಳಗೆ ಒಯ್ದರು. ರಕ್ತ ಬೇಕೆಂದರು. ಕರಿಸಿದ್ದಪ್ಪನದು ಹೊಂದಿತು. ಸೂಜಿ ಚುಚ್ಚುವಾಗ ಅಲ್ಲಿಯೂ ಮಾರಿ ತಿರುವಿ ಗೋಡೆಯ ಮೇಲಿನ ಕುಟುಂಬ ಯೋಜನೆಯ ಕೆಂಪು ತ್ರಿಕೋನ ನೋಡುತ್ತ ಮಲಗಿದ್ದ. ಚಹಾ ಬಿಸ್ಕೀಟು ಕೊಟ್ಟರು. ತಿಂದ.

ಅಂಗೈಯ ಕಾಲುಭಾಗದಷ್ಟು ತುಣುಕು ಒಳಗೆ ಉಳಿದಿತ್ತಂತೆ. ತೆಗೆದರು. ರಕ್ತ ನಿಂತಿತು. ಡಾಕ್ಟರು ಹೊರಬಂದು ವರಾಂಡದಲ್ಲಿ ನಿಂತ ಮರಿಯಮಬಿಯನ್ನು ಎಲ್ಲರೆದುರಿಗೇ ಕೇಳಿದರು.

"ಇಷ್ಟ ವರ್ಷ ಸರ್ವಿಸ್ ಮಾಡೀರಿ. ಪ್ಲಾಸೆಂಟಾ ನೋಡದ ಬಿಟ್ಟೀರೇನು?"

"ನೋಡ್ಲಿಲ್ರಿ ಸರ್" ಎಂದಳು.

"ಯಾಕ?"

"ತಪ್ಪಾತ್ರಿ."

ಕರಿಸಿದ್ದಪ್ಪ ಅಲ್ಲೇ ಕಂಬದ ಪಕ್ಕದಲ್ಲಿದ್ದ. ರಕ್ತ ಕೊಟ್ಟ ತೋಳನ್ನು ಮಡಚಿ, ಹತ್ತಿಯ ತುಂಡು ಒತ್ತಿ ಹಿಡಿದಿದ್ದ. ಬಾಯಿ ತೆರೆದ. ಡಾಕ್ಟರು ಆಗಲೇ ತಿರುಗಿ ನಡೆದಿದ್ದರು. ಕೂಗಿ ಕರೆಯುವಷ್ಟು ದೂರವೇನೂ ಹೋಗಿರಲಿಲ್ಲ. ಕರೆಯಲಿಲ್ಲ.

"ನನ್ನ ಹೆಸರ ಹೇಳಬೇಕಿತ್ರಿ ಬಾಯಾರ" ಎಂದ ಆಮೇಲೆ, ಅವಳು ಬಾಕಿನ ಮೇಲೆ ಕೂತು ಬೆರಳು ನೀವಿಕೊಳ್ಳುತ್ತಿರುವಾಗ.

"ಹೇಳಿ ಏನ್ ಮಾಡ್ಲಿ? ನೋಡೂದು ನನ್ನ ಕೆಲಸ, ನಿಂದಲ್ಲ." ಇನ್ನೊಂದು ಕೈಯ ಬೆರಳು ನೀವುತ್ತ ಅಂದಳು: "ನಿನ್ನ ಮಾತು ನನಗ ಅವತ್ತ ಪೂರಾ ಖರೆ ಅನಸಿರಲಿಲ್ಲ. ನಾ ಹೇಳಿದ್ದನ್ನ ನನಗ ಹೊಳ್ಳಿ ಹೇಳಿದಿ. ಆದ್ರ ನಿಮ್ಮವ್ವ ಬಾಗಲದಾಗ ನಿಂತಿದ್ಲು. ನಿಮ್ಮ ಹಿತ್ತಲ ನಾ ಅಗಿಸಿ, ಆಮ್ಯಾಲೆ ಹಾಲು ಬರದ ಹೋಗಿದ್ರ, ನನ್ನ ಆ ಊರಾಗ ಕಾಲ ಇಡಾಕ ಬಿಡ್ತಿದ್ರೇನು? ನೀ ಹೂಂ ಅಂದಿ. ನನಗೂ ಹೂಂ ಬೇಕಾಗಿತ್ತು." ಎದ್ದಳು. "ಹೋಗು. ಆಕಿಗೆ ಎಳನೀರ ತೊಗೊಂಬಾ."

ಬೈಗುಳವಾದರೂ ಪಾಲು ಹಂಚಿಕೊಳ್ಳದೆ ಪೂರ್ತಿ ತನಗೇ ಸಿಗಬಹುದೆಂದು ಅವನು ಎಣಿಸಿದ್ದ. ಅದೂ ಸಿಗಲಿಲ್ಲ. ಎಳನೀರು ತರಲು ಹೋದ.

ಮಲ್ಲಕ್ಕ ಊರಿಗೆ ಬಂದಳು. ಅವಳಿಗಿಂತ ಮೊದಲೇ ಕರಿಸಿದ್ದಪ್ಪನ ಕೀರ್ತಿ ಬಂದು ಮುಟ್ಟಿತ್ತು. ಹೆಂಡತಿಗೆ ಸ್ವಂತ ರಕ್ತ ಕೊಟ್ಟ ಗಂಡ. ಲಕ್ಷ್ಮಪ್ಪ ಚಹಾಕ್ಕೆ ದುಡ್ಡು ತಗೊಳ್ಳಲಿಲ್ಲ. "ಈಗಿನ ಕಾಲದಾಗ ಯಾರ ಕೊಡ್ತಾರ?" ಎಂದ. ಅದರ ಜೊತೆಗೇ ಇನ್ನೊಂದು ಮಾತೂ ಓಣಿ ಓಣಿ ತಿರುಗುತ್ತಿತ್ತು: ನರ್ಸಬಾಯಿಯ ಕೈಗುಣ ಸರಿ ಇಲ್ಲ, ಬಾಣಂತಿಯನ್ನು ಅರ್ಧಕ್ಕೆ ಬಿಟ್ಟಳು, ಡಾಕ್ಟರು ಎಲ್ಲರ ಮುಂದೆ ಬಯ್ದರಂತೆ. ಆಚೆ ಓಣಿಯ ಹನಮಂತಪ್ಪ ತನ್ನ ಮಗಳ ಹೆರಿಗೆಗೆ ಅವಳನ್ನು ಕರೆಸುವುದಿಲ್ಲವೆಂದು ನಿಶ್ಚಯಿಸಿದ್ದ.

ತಡವಾಗಿ ಆದ ತೊಟ್ಟಿಲ ದಿನ ಪಡಸಾಲೆಯ ತುಂಬ ಹೆಂಗಸರು. ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಗುಗ್ಗರಿ ಹಂಚುವಾಗ ನೆರೆಯ ಲಕ್ಷ್ಮವ್ವ ಅದೇ ಮಾತು ತೆಗೆದಳು. "ಆ ಸಾಬರ ಬಾಯಿ ಕಸಾನೂ ನೋಡ್ಲಿಲ್ಲಂತ. ಸಿದ್ದಪ್ಪ ಇರಲಿಲ್ಲಂದ್ರ ಮಲ್ಲಿ ಹೋಗ್ತಿದ್ಲು."

ಬಸಕ್ಕ ಗುಗ್ಗರಿಯ ಬುಟ್ಟಿಗೆ ಮುಖ ಬಗ್ಗಿಸಿದಳು. ಬಾಗಿಲಲ್ಲಿ ನೀರಿನ ಕೊಡ ಇಳಿಸುತ್ತಿದ್ದ ಕರಿಸಿದ್ದಪ್ಪ ನಿಂತ.

"ಚಿಗವ್ವಾ, ಬಾಯಾರು ಕಸ ನೋಡಬೇಕು, ಹೊರಗ ತಗೀರಿ ಅಂದ್ರು. ನಾ ನೋಡಿರಲಿಲ್ಲ, ನೋಡೀನಿ ಅಂತ ಸುಳ್ಳ ಹೇಳ್ದೆ. ಎರಡು ಸಲ ಹೇಳ್ದೆ. ತಪ್ಪ ನಂದು. ಆಕಿ ಮುಷ್ಟಿ ಒತ್ತಿ ಹಿಡದಿರಲಿಲ್ಲಂದ್ರ ಲಾರ್‍ಯಾಗ ಹೋಗ್ತಿದ್ಲು ಮಲ್ಲಿ."

ಹೆಂಗಸರು ಅವನನ್ನು ನೋಡಿದರು. ಲಕ್ಷ್ಮವ್ವನ ಕಣ್ಣಲ್ಲಿ ನೀರು ಬಂತು. "ನೋಡ್ರೆವ್ವಾ, ಆ ಬಾಯಿ ಹೆಸರ ಕೆಡಬಾರದು ಅಂತ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ತಾನ. ಎಂಥಾ ಮಗನ್ನ ಹಡದಿ ಬಸಕ್ಕಾ."

"ಅಲ್ಲ ಚಿಗವ್ವಾ, ಖರೇನ—"

"ಇರಲಿ ಬಿಡಪ್ಪಾ, ನಮಗ ಗೊತ್ತೈತಿ. ರಕ್ತ ಕೊಟ್ಟಾಂವ ಸುಳ್ಳ ಹೇಳ್ತಾನೇನು?"

ಎರಡು ಸಲ ಹೇಳಿದ ಸುಳ್ಳನ್ನು ಯಾರೂ ಸುಳ್ಳೆಂದಿರಲಿಲ್ಲ. ಒಂದು ಸಲ ಹೇಳಿದ ಖರೆಯನ್ನು ಪಡಸಾಲೆ ತುಂಬ ಇದ್ದವರಲ್ಲಿ ಒಬ್ಬರೂ ನಂಬಲಿಲ್ಲ. ಅವನು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ.

ಮಲ್ಲಕ್ಕ ಹೊರಸಿನ ಮೇಲೆ ಒರಗಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ನಂಬಲಿಲ್ಲೇನು?" ಎಂದಳು.

"ಇಲ್ಲ."

"ನಾ ನಂಬತೀನಿ. ನನಗ ಅವತ್ತ ಗೊತ್ತಾಗಿತ್ತು."

ಅವನಿಗೆ ಅರ್ಥವಾಗಲಿಲ್ಲ.

"ನೀ ಕೋಳಿ ಕೊಯ್ಯೂದನ್ನ ನೋಡಾಕ ಆಗದ ಹಿತ್ತಲಕ ಹೋಗಾಂವ. ಕಸ ತಿರುವಿ ಹಾಕಿ ನೋಡೀನಿ ಅಂತೀಯಲ್ಲ. ಒಳಗ ಮಲಗಿದ್ದಾಕಿಗೆ ಕೇಳ್ಸಂಗಿಲ್ಲೇನು?"

"ಹಂಗಾದ್ರ ಯಾಕ ಹೇಳಲಿಲ್ಲಬೇ?"

ಮಲ್ಲಕ್ಕ ತಲೆದಿಂಬಿನ ಅಂಚಿನ ದಾರ ಎಳೆದಳು. "ಹೆಂಗ ಹೇಳ್ಲಿ? ಮೈಲಾರವ್ವ ಇದ್ಲು, ಅತ್ತಿ ಇದ್ಲು. ಬಾಯಾರು ನೀವು ಕಲತವ್ರು ಅಂದ್ರು ನಿನಗ. ಆ ಮಂದಿ ಮುಂದ ನನ್ನ ಗಂಡ ಸುಳ್ಳ ಹೇಳಾಕತ್ತಾನ ಅನ್ಲೇನು? ನನಗೇನೂ ಆಗಂಗಿಲ್ಲ ಅನಕೊಂಡೆ. ದಿನಾ ಅನಕೊಂಡೆ."

ಹೊರಗೆ ಯಾರೋ ತೊಟ್ಟಿಲ ಪದ ಶುರು ಮಾಡಿದ್ದರು. ಕರಿಸಿದ್ದಪ್ಪ ಹೊರಸಿನ ಕಾಲ ಹತ್ತಿರ ನೆಲದ ಮೇಲೆ ಕೂತ. ಹೇಳುವುದರಲ್ಲಿ ತಾನು ಎಷ್ಟು ಜಾಣನೆಂದು ಗೊತ್ತಾಗಿದ್ದರಿಂದ ಸುಮ್ಮನೆ ಕೂತಿದ್ದ.

ಮಲ್ಲಕ್ಕ ಹೊರಸಿನ ಕೆಳಗಿಂದ ಮಡಚಿದ ಒಂದು ಅರಬಿ ತೆಗೆದು ಅವನ ಮುಂದೆ ಹಿಡಿದಳು. "ಬಾಯಾರು ದಿನಾ ನೋಡಬೇಕಂದಾರ, ಕೆಂಪೈತೋ ಕಂದಾಗೇತೋ ಅಂತ. ಕಂದಾದ್ರ ಚಿಂತಿಲ್ಲಂತ. ನನಗ ಈ ಕತ್ತಲದಾಗ ಬಣ್ಣ ತಿಳಿವಲ್ದು. ಅತ್ತಿ ಗುಗ್ಗರಿ ಹಂಚಾಕತ್ತಾಳ."

ಅವನು ಅದನ್ನು ತಗೊಂಡು ಕಿಟಕಿಗೆ ಹೋದ.

"ಕಂದಾಗೇತಿ" ಎಂದ.

"ಬಿಚ್ಚಿ ನೋಡಿದಿಯೋ, ಮಡಚಿದ್ದನ್ನ ನೋಡಿದಿಯೋ?"

"ಮಡಚಿದ್ದನ್ನ."

"ಬಿಚ್ಚು."

ಅವನು ಬಿಚ್ಚಿದ. ಎರಡೂ ಕೈಯಲ್ಲಿ ಅಂಚು ಹಿಡಿದು, ಬೆಳಕಿಗೆ ಎತ್ತಿ, ಒಂದು ಮಗ್ಗಲು ನೋಡಿ, ತಿರುವಿ ಇನ್ನೊಂದು ಮಗ್ಗಲು ನೋಡತೊಡಗಿದ. ಹೊರಸಿನ ಮೇಲಿಂದ ಮಲ್ಲಕ್ಕ ಕಾಯುತ್ತಿದ್ದಳು.